ಎಬ್ಬಿಸುವ ಕೈ

ಅಂಗಿಯ ಕೊರಳಗುಂಡಿ ಹಾಕಿಕೊಳ್ಳಲಾಗದೆ ಶಾಕೀರ್ ಕನ್ನಡಿಯ ಮುಂದೆ ನಿಂತಿದ್ದ. ಗುಂಡಿ ಕಾಜಾಕ್ಕೆ ಸರಿಯಾಗಿಯೇ ಸಿಕ್ಕುತ್ತಿತ್ತು; ಸಿಕ್ಕ ಕೂಡಲೇ ಬೆರಳುಗಳು ತಾವಾಗಿಯೇ ಅದನ್ನು ಬಿಚ್ಚಿಬಿಡುತ್ತಿದ್ದವು. ನಗೆಪಾಟಲಿನ ಮಾತು. ಸಂಜೆ ಬಳ್ಳಾರಿಯಲ್ಲಿ ಬೋನಿನ ಕುಸ್ತಿ. ಕಬ್ಬಿಣದ ಜಾಲರಿಯೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ಒದೆಯಬಹುದು, ಗುದ್ದಬಹುದು, ಕತ್ತು ಹಿಸುಕಬಹುದು. ಅದರಲ್ಲಿ ಹೆಸರು ಮಾಡಿದವನು ಇಡೀ ಜಿಲ್ಲೆಗೆ ಇವನೊಬ್ಬನೇ, ಅದನ್ನೇ ಕಸುಬು ಮಾಡಿಕೊಂಡು ಸಂಸಾರ ನಡೆಸುವವನು, ಇಲ್ಲಿ ನೋಡಿದರೆ ಒಂದು ಗುಂಡಿಗೆ ಬೆವರುತ್ತಿದ್ದಾನೆ. ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಎದುರು ಅವನ ಫ್ಲೆಕ್ಸ್ ನಿಂತಿತ್ತು. ಮುಖ ಅವನದು, ಮುಖದ ಕೆಳಗಿನ ಮೈ ಯಾವನೋ ಬಿಳಿ ಪೈಲ್ವಾನನದು. ಫ್ಲೆಕ್ಸ್ ಅಂಗಡಿಯವನು ಎಲ್ಲಿಂದಲೋ ಎತ್ತಿ ಅಂಟಿಸಿದ್ದ. ಹೆಂಡತಿ ಇರ್ಫಾನಾ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವನಿಗೆ ಮಾತ್ರ ಅದರ ಮುಂದೆ ಹಾಯುವಾಗಲೆಲ್ಲ ಆ ಮೈಯ ಮೇಲೆ ಹೊಟ್ಟೆಕಿಚ್ಚು. ಅದಕ್ಕೆ ಕೊರಳೇ ಇರಲಿಲ್ಲ, ಹೆಗಲಿನಿಂದ ನೇರ ಗದ್ದಕ್ಕೆ ಹೋಗಿತ್ತು.

"ಗುಂಡಿ ಹಾಕ್ಕೊಳ್ರೀ, ನಾಕು ಮಂದಿ ನೋಡ್ತಾರ," ಎಂದಳು ಇರ್ಫಾನಾ ಒಲೆಯ ಹತ್ತಿರದಿಂದ.

"ಸೆಕಿ ಐತಿ," ಎಂದ. ಸೆಕೆ ಇರಲಿಲ್ಲ, ಚಳಿಗಾಲದ ಬೆಳಗು. ಬಾಗಿಲಲ್ಲಿ ಮಗಳು ಗುಲ್ನಾಜ್ ಒಂದು ಕಾಲಿನ ಮೇಲೆ ನಿಂತು ಅವನನ್ನೇ ನೋಡುತ್ತಿದ್ದಳು. "ಅಬ್ಬಾ, ಬೀಳಲಾ?" ಎಂದು ಕೇಳಿದಳು. ಕೊರಳಿಗೆ ಜೋತುಬೀಳಲೇ ಎಂದು ಅದರ ಅರ್ಥ. ಈ ಕೇಳುವುದು ಮೊದಲು ಇರಲಿಲ್ಲ. ಹೈದರಾಬಾದಿನ ಬೋನಿನಲ್ಲಿ ಸೋತು ಬಂದ ಹೊಸತರಲ್ಲಿ ಅವನು ಉಣ್ಣಲು ಕೂತಿದ್ದಾಗ ಹಿಂದಿನಿಂದ ಓಡಿಬಂದು ಕತ್ತಿಗೆ ಎರಡೂ ತೋಳು ಹಾಕಿದ್ದಳು. ಅವನಿಗೆ ಅದು ಯಾರ ತೋಳು ಎಂಬುದೇ ತಿಳಿಯಲಿಲ್ಲ, ಕಿತ್ತು ಬೀಸಿ ಒಗೆದಿದ್ದ. ಹೊಸ್ತಿಲಿಗೆ ಬಡಿದು ಗದ್ದ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಇರ್ಫಾನಾ ಅವತ್ತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಮಗು ಕೇಳುತ್ತದೆ, ಅವನು "ಈಗ ಬ್ಯಾಡವ್ವಾ" ಎನ್ನುತ್ತಾನೆ, ಅವಳು ಹಟ ಮಾಡದೆ ಒಪ್ಪಿಕೊಳ್ಳುತ್ತಾಳೆ. ಹಟ ಮಾಡದಿರುವುದನ್ನು ಅವಳಿಗೆ ಕಲಿಸಿದವನು ತಾನೇ ಎಂದು ಅವನಿಗೆ ಗೊತ್ತು. ಇವತ್ತೂ "ಈಗ ಬ್ಯಾಡವ್ವಾ" ಎಂದ.

ಅಷ್ಟರಲ್ಲಿ ಫೋನು ಬಂತು. ಕೆಂಚಣ್ಣನದು. ಸಂಡೂರಿನ ಕಡೆಯಿಂದ ಅದಿರು ಹೊಡೆಯುವ ಲಾರಿಗಳ ಧಣಿ. ಈ ಎರಡು ಮೂರು ವರ್ಷಗಳಲ್ಲಿ ಮಣ್ಣು ಮುಟ್ಟಿದವರೆಲ್ಲ ಧಣಿಗಳಾಗಿದ್ದರು, ಅವರಲ್ಲಿ ಕೆಂಚಣ್ಣನಿಗೆ ಕುಸ್ತಿಯ ಹುಚ್ಚು. "ಶಾಕೀರಾ, ಸಂಜಿಗಿ ನಿನ್ನ ಎದುರು ಇಳಿಯಾಂವ ಇದ್ನಲ್ಲ, ಆ ಚೆನ್ನೈಯಾವ ಬರಂಗಿಲ್ಲಂತಲೇ, ಜ್ವರ ಅಂತ ನಾಟಕ ಹೂಡ್ಯಾನ. ನೀ ಚಿಂತಿ ಮಾಡಬ್ಯಾಡ. ನಿಮ್ಮ ಕುರುಗೋಡು ಗರಡಿ ಹುಡುಗ ಸಮ್ರಾಟನ್ನ ಹಾಕೀನಿ. ನಮ್ಮ ಟಿಪ್ಪರಿನ ಕ್ಲೀನರ್ ಅದಾನಲ್ಲ, ಅವನ. ಚಲೋ ಆಡಿದ್ರ ಡ್ರೈವರ್ ಸೀಟು ಕೊಡ್ತೀನಿ ಅಂತ ಹೇಳೀನಿ. ಒಂದ ಗರಡಿಯವರು ಇಬ್ಬರು ಅಂದ್ರ ಮಂದಿ ಹುಚ್ಚೆದ್ದು ಬರ್ತಾರ. ಬರೂ ಮುಂದ ಅವನ್ನೂ ಗಾಡಿ ಮ್ಯಾಲ ಹಾಕ್ಕೊಂಡು ಬಾ."

ಫೋನಿಟ್ಟಾಗ ಶಾಕೀರನಿಗೆ ಮೊದಲು ಆದದ್ದು ಸಂತೋಷ. ಸಮ್ರಾಟ್! ತಾನೇ ಕೈಹಿಡಿದು ಮಣ್ಣಿಗಿಳಿಸಿದ ಹುಡುಗ. ಅದರ ಬೆನ್ನಿಗೇ ಭಯ ಬಂತು, ಏಕೆಂದರೆ ಹುಡುಗ ಈಗ ಹುಡುಗನಾಗಿರಲಿಲ್ಲ. ಅವನ ತೋಳು ಇವನ ತೊಡೆಯಷ್ಟಿತ್ತು, ಆ ತೋಳು ಒಮ್ಮೆ ಕೊರಳಿಗೆ ಬಿದ್ದರೆ ಮುಗಿಯಿತು. ಆಮೇಲೆ ಮೂರನೆಯದೊಂದು ಯೋಚನೆ ಬಂತು. ಅದು ಬಹಳ ಸಣ್ಣದು. ಅದನ್ನು ಅವನು ನೆಟ್ಟಗೆ ನೋಡಲಿಲ್ಲ. ಬೈಕಿನ ಚಾವಿ ಹುಡುಕುವ ನೆಪದಲ್ಲಿ ಒಳಗೆ ಹೋದ.

ತೆಕ್ಕಲಕೋಟೆ ದಾಟಿ ಕುರುಗೋಡಿನ ಕಡೆ ತಿರುಗುವವರೆಗೂ ಎರಡೂ ಬದಿ ಭತ್ತದ ಗದ್ದೆ, ಕಾಲುವೆಯ ನೀರು, ಬೆಳ್ಳಕ್ಕಿ. ನೀರು ಕಂಡಾಗಲೆಲ್ಲ ಅವನು ಮುಖ ತಿರುಗಿಸಿದ. ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಚೀಲದಲ್ಲಿ ಕರಿ ಚಡ್ಡಿ ಒಂದಲ್ಲ, ಎರಡು. ಒಂದರ ಮೇಲೊಂದು ಹಾಕಿಕೊಳ್ಳಬೇಕು. ಹೈದರಾಬಾದಿನಲ್ಲಿ ಹಾಕಿಕೊಂಡದ್ದು ಬೂದಿಬಣ್ಣದ ಚಡ್ಡಿ. ಬೂದಿಬಣ್ಣಕ್ಕೆ ತೇವ ತಗುಲಿದರೆ ದೂರಕ್ಕೂ ಕಾಣುತ್ತದೆ ಎಂದು ಯಾರು ಹೇಳಬೇಕಿತ್ತು? ಅಲ್ಲಿ ಎದುರಿಗಿದ್ದವನು ಪುಣೆಯ ಒಬ್ಬ ತೆಳ್ಳನೆಯ ಹುಡುಗ. ಇವನು ಅವನನ್ನು ಮೊದಲ ಹಿಡಿತಕ್ಕೇ ಎತ್ತಿ, ಅಗಸ ಬಟ್ಟೆ ಒಗೆಯುವ ಹಾಗೆ ಹೆಗಲ ಮೇಲಿಂದ ಒಗೆದಿದ್ದ. ಬೆನ್ನು ಪೂರ್ತಿ ನೆಲಕ್ಕೆ. ಗರಡಿಯಲ್ಲಾದರೆ ಅಲ್ಲಿಗೆ ಕುಸ್ತಿ ಮುಗಿಯಿತು. ಬೋನಿನಲ್ಲಿ ಅಲ್ಲಿಂದ ಶುರು ಎಂಬುದು ಶಾಕೀರನಿಗೆ ಗೊತ್ತಿಲ್ಲದ್ದೇನಲ್ಲ. ತಿಂಗಳುಗಟ್ಟಲೆ ಅಲ್ಲಿನ ಕೋಚ್ ಹತ್ತಿರ ಅದನ್ನೇ ಕಲಿತಿದ್ದ. ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಬೆನ್ನು ಬಡಿದ ಸದ್ದು ಕೇಳಿದ ಕೂಡಲೇ ಕೈ ಹಿಡಿತ ಬಿಟ್ಟಿತು, ಅದು ಸಾಲದೆಂಬಂತೆ ಕೆಳಗೆ ಬಿದ್ದವನನ್ನು ಎಬ್ಬಿಸಲು ಮುಂದಕ್ಕೆ ಚಾಚಿತು. ಪುಣೆಯವನು ಒಂದು ಕ್ಷಣ ಆ ಕೈಯನ್ನು ನಂಬಲಾಗದೆ ನೋಡಿದ. ಆಮೇಲೆ ಹಿಡಿದು ಎಳೆದುಕೊಂಡ. ಎರಡೂ ಕಾಲು ಕೊರಳಿಗೆ ಸುತ್ತಿದವು. ಮುಂದೆ ಕತ್ತಲು. ಎಚ್ಚರವಾದಾಗ ಸಭಾಂಗಣದ ತುಂಬ ನಗು, ಯಾವನೋ ಒಬ್ಬ ಇವನ ಕಾಲ ಸಂದಿಯ ನೆಲವನ್ನು ಬಟ್ಟೆಯಿಂದ ಒರೆಸುತ್ತಿದ್ದ. ಊರಿಗೆ ಬಂದ ಶಾಕೀರ್, ರೆಫ್ರಿ ಮೋಸ ಮಾಡಿದ ಎಂದು ಹೇಳಿದ. ಎಲ್ಲರೂ ನಂಬಿದರು, ಇರ್ಫಾನಾ ಕೂಡ. ಆದರೆ ಇವತ್ತಿನ ಬೋನು ಬಳ್ಳಾರಿಯಲ್ಲಿ. ಇರ್ಫಾನಾಳ ಅಣ್ಣತಮ್ಮಂದಿರು ಬರುತ್ತಾರೆ, ಬ್ರೂಸ್‌ಪೇಟೆಯ ಅಂಗಡಿಯವರು ಬರುತ್ತಾರೆ, ಇಡೀ ಓಣಿ ಬರುತ್ತದೆ. ಮತ್ತೆ ಕತ್ತಲಾದರೆ ಮೈ ಮತ್ತೆ ಅದನ್ನೇ ಮಾಡುತ್ತದೆ. ಸಾಯುವುದು ಬೇಕಾದರೂ ಆದೀತು, ಅದು ಬೇಡ.

ಕುರುಗೋಡಿನ ಬಂಡೆಗುಡ್ಡದ ಕೆಳಗೆ ಗರಡಿಮನೆ. ಇಬ್ಬರಿಗೂ ಕುಸ್ತಿ ಕಲಿಸಿದ ವಸ್ತಾದ್ ದಸ್ತಗೀರಸಾಬ್ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಮಂಡಿ ಹೋಗಿ ವರ್ಷಗಳಾಗಿದ್ದವು. ಪಕ್ಕದಲ್ಲಿ ಸಮ್ರಾಟ್ ಹೊಸ ಬನಿಯನ್ ಹಾಕಿಕೊಂಡು, ಮದುವೆಗೆ ಹೊರಟವನಂತೆ ತಲೆ ಬಾಚಿಕೊಂಡು ನಿಂತಿದ್ದ. ಶಾಕೀರನನ್ನು ಕಂಡವನೇ ಬಂದು ಕಾಲು ಮುಟ್ಟಿದ. "ಲೇ, ಸಂಜಿಗಿ ನನ್ನ ಕೂಡ ಹೊಡದಾಡಾಂವ ಅದೀ, ಈಗ ಕಾಲು ಮುಟ್ತೀಯಲ್ಲೋ," ಎಂದ ಶಾಕೀರ್, ನಗುವುದಕ್ಕೆ ನೋಡುತ್ತ. "ಸಂಜಿಗಿ ಸಂಜಿದು, ಈಗ ಈಗಿಂದು," ಎಂದ ಸಮ್ರಾಟ್.

ವಸ್ತಾದರು ಸಮ್ರಾಟನನ್ನು ಪಾತ್ರೆಯಲ್ಲಿ ಎಣ್ಣೆ ತರಲು ಒಳಗೆ ಕಳಿಸಿ, ಶಾಕೀರನನ್ನು ಹತ್ತಿರಕ್ಕೆ ಕರೆದರು. "ಬಿದ್ದ ಮ್ಯಾಲೂ ಹೊಡೀತಾರಂತಲ್ಲೋ ಅಲ್ಲಿ?"

"ಹೌದ್ರಿ ವಸ್ತಾದ್."

"ಥೂ, ಅದೆಂಥಾ ಕುಸ್ತಿನೋ ಏನೋ. ಇರ್ಲಿ. ನಾ ಈ ಹುಡುಗಗ ಕಲಿಸಿದ್ದು ಅಲ್ಲಿ ನಡ್ಯಂಗಿಲ್ಲ, ಅಷ್ಟು ನನಗ ತಿಳೀತೈತಿ. ಏನು ನಡಿತೈತಿ ಅನ್ನೂದು ತಿಳಿಯಂಗಿಲ್ಲ. ನೀ ಆ ಬೋನಿನಾಗ ಹೋಗಿ ಬಂದಾಂವ. ಹಾದ್ಯಾಗ ಅವನಿಗೆ ಹೇಳು. ಏನು ಮಾಡಬಾರದು ಅನ್ನೂದೊಂದು ಹೇಳು, ಸಾಕು. ಆಮ್ಯಾಲ ಇಬ್ಬರಾಗ ಯಾರು ಗೆದ್ರೂ ನನಗ ಒಂದ."

"ಹೇಳ್ತೀನ್ರಿ."

"ನನ್ನ ಮ್ಯಾಲ ಆಣಿ?"

"ಆಣಿ ಯಾಕ ವಸ್ತಾದ್, ಹೇಳ್ತೀನಿ ಅಂದ್ನಲ್ರಿ," ಎಂದ. ಸಮ್ರಾಟ್ ಎಣ್ಣೆ ತಂದ ಮೇಲೆ ವಸ್ತಾದರು ಕುಸ್ತಿಯ ಕುಣಿಯ ಮಣ್ಣು ತರಿಸಿ ಇಬ್ಬರ ಹಣೆಗೂ ಹಚ್ಚಿದರು. ಆ ಮಣ್ಣಿನ ವಾಸನೆ, ಎಣ್ಣೆ, ಅರಿಶಿನ, ಬೆವರು. ಆ ಕುಣಿಯ ಸುತ್ತ ಒಂದು ಕಾಲಕ್ಕೆ ಇದೇ ವಸ್ತಾದರು ಬೆತ್ತ ಹಿಡಿದು ತಿರುಗುತ್ತಿದ್ದರು. ಬೆನ್ನು ಮಣ್ಣಿಗೆ ಹತ್ತಿತೆಂದರೆ ಬಿಡು. ಬಿದ್ದವನು ಬಲಗೈ ಮೇಲೆತ್ತಬೇಕು, ಗೆದ್ದವನು ಆ ಕೈ ಹಿಡಿದು ಎಬ್ಬಿಸಬೇಕು, ಎಬ್ಬಿಸಿ ಅವನ ಬೆನ್ನಿನ ಮಣ್ಣನ್ನು ತನ್ನ ಹಣೆಗೆ ಹಚ್ಚಿಕೊಳ್ಳಬೇಕು. ಅಲ್ಲಿಯತನಕ ಗೆದ್ದ ಲೆಕ್ಕವಿಲ್ಲ. ಒಂದು ಸಲ ಶಾಕೀರ್ ಗೆದ್ದ ಸಡಗರದಲ್ಲಿ ಹಾಗೇ ತೊಡೆ ತಟ್ಟುತ್ತ ಹೊರಬಂದದ್ದಕ್ಕೆ ಬೆತ್ತದ ಏಟು ತಿಂದಿದ್ದ. ಸಮ್ರಾಟ್ ಎಳೆಯವನಾಗಿದ್ದಾಗ ದಿನಾ ಇವನ ಕೈಯಲ್ಲಿ ಬೀಳುತ್ತಿದ್ದ. ಉಸಿರು ತಿರುಗುವ ಮುಂಚೆಯೇ, ಕಣ್ಣು ಮುಚ್ಚಿಕೊಂಡಿರುವಾಗಲೇ, ಅವನ ಬಲಗೈ ಮೇಲೇಳುತ್ತಿತ್ತು. ಹಿಡಿಯುವವನು ಇದ್ದೇ ಇದ್ದಾನೆ ಎಂಬ ಧೈರ್ಯ ಆ ಕೈಗೆ.

ಬೆಳಿಗ್ಗೆ ಬಂದ ಆ ಮೂರನೆಯ ಯೋಚನೆ ಇದೇ. ಸಮ್ರಾಟನ ಕೈ ಇವತ್ತೂ ಮೇಲೇಳುತ್ತದೆ. ಬೀಳುವವನ ಕೈಯೂ ಬೀಳಿಸುವವನ ಕೈಯಷ್ಟೇ ಗರಡಿಯದು. ಹೈದರಾಬಾದಿನ ಕೋಚ್ ಇವನು ಸೋತ ಮೇಲೆ ಕಲಿಸಿದ ಪಟ್ಟು ಒಂದೇ: ಕೆಳಗಿದ್ದವನ ಕೈ ಸಿಕ್ಕಿದರೆ ಎರಡು ತೊಡೆಯ ನಡುವೆ ಸಿಕ್ಕಿಸಿ ಹಿಂದಕ್ಕೆ ಮಲಗು, ಮೊಣಕೈ ಉಳಿಯುವುದಿಲ್ಲ.

ಬೈಕಿನ ಹಿಂದೆ ಕೂತ ಸಮ್ರಾಟ್ ಇವನ ಹೆಗಲ ಮೇಲೆ ಕೈಯಿಟ್ಟಿದ್ದ. ಅವನ ಹೆಬ್ಬೆರಳು ಕತ್ತಿಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಶಾಕೀರ್ ಕತ್ತು ಕುಗ್ಗಿಸಿಕೊಳ್ಳುತ್ತಿದ್ದ, ಆದರೂ ತೆಗೆ ಎನ್ನಲಿಲ್ಲ. ಎಂದರೆ ಯಾಕಣ್ಣಾ ಎಂದು ಕೇಳುತ್ತಾನೆ. ಹುಡುಗನ ಬಾಯಿಗೆ ಬಿಡುವಿರಲಿಲ್ಲ. ಅವ್ವ ಉಚ್ಚೆಂಗೆಮ್ಮ ಕೂಲಿಗೆ ಹೋಗದೆ ಮನೆಯಲ್ಲಿ ಕೂತಿದ್ದಾಳಂತೆ, ಮಗನಿಗೆ ಪೆಟ್ಟಾಗುತ್ತದೆಂದು ಬೆಳಗಿನಿಂದ ಅಳುತ್ತಿದ್ದಾಳಂತೆ; ಟಿಪ್ಪರಿನ ಸೀಟು ಸಿಕ್ಕರೆ ಮೊದಲ ದಿನ ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಊರ ತುಂಬ ಹೊಡೆಯುತ್ತಾನಂತೆ. ಹೆದ್ದಾರಿ ಸಿಕ್ಕಿತು. ಅದಿರಿನ ಲಾರಿಗಳು ಒಂದರ ಹಿಂದೊಂದು, ತಾಡಪತ್ರೆ ಪಟಪಟ ಬಡಿಯುತ್ತ, ಕೆಂಪು ಧೂಳು ಹಲ್ಲಿನ ಸಂದಿಗೂ ಸೇರುತ್ತಿತ್ತು. ಹೇಳಿಬಿಡಬೇಕು. ಈ ಲಾರಿ ದಾಟಿದ ಮೇಲೆ ಹೇಳುತ್ತೇನೆ. ದಾಟಿದ. ಮುಂದೆ ಇನ್ನೊಂದು ಲಾರಿ.

ಬಳ್ಳಾರಿ ಇನ್ನೇನು ಬಂತು ಎನ್ನುವಾಗ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದ. ಸಮ್ರಾಟ್ ಮುಖ ತೊಳೆದುಕೊಂಡು ಬಂದ. ಹಣೆಯ ಮಣ್ಣು ಹೋಗದ ಹಾಗೆ ಜೋಪಾನ ಮಾಡಿ ತೊಳೆದುಕೊಂಡಿದ್ದ.

"ಅಣ್ಣಾ, ವಸ್ತಾದ್ರು ನಿನಗ ಏನೋ ಹೇಳಾಕ ಹೇಳ್ಯಾರಂತಲ್ಲ. ಹೇಳಣ್ಣಾ. ಖರೇ ಹೇಳ್ತೀನಿ, ನನಗ ಭಾಳ ಅಂಜಿಕಿ ಆಗಾಕತ್ತೈತಿ. ಟೀವ್ಯಾಗ ನೋಡೀನಿ, ಬಿದ್ದ ಮ್ಯಾಲ ಬಿಡಬಾರದು ಅನ್ನೂದೇನೋ ಗೊತ್ತೈತಿ. ಆದ್ರೂ."

ನನಗೂ ಅಂಜಿಕೆಯಾಗುತ್ತಿದೆಯೋ ತಮ್ಮಾ, ಎಂದು ಶಾಕೀರನ ನಾಲಿಗೆಯ ತುದಿಗೆ ಬಂತು. ಗೊತ್ತಿದ್ದರೆ ಸಾಲದು, ನಿನ್ನ ಕೈ ನಿನ್ನ ಮಾತು ಕೇಳುವುದಿಲ್ಲ, ಬಿದ್ದ ಕೂಡಲೇ ಎರಡೂ ಕೈ ಎದೆಗೆ ಅವಚಿಕೋ, ಈಗಲೇ ಇಲ್ಲೇ ನೂರು ಸಲ ಮಾಡಿ ನೋಡು, ಎನ್ನಬೇಕಿತ್ತು. ಅಷ್ಟೇ ಮಾತು. ಆದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಆಗ ಹೈದರಾಬಾದಿನ ಕೈಯ ಕಥೆ ಹೇಳಬೇಕು, ನಗುವಿನ ಕಥೆ, ಒರೆಸುವ ಬಟ್ಟೆಯ ಕಥೆ. ಅದೂ ಹೋಗಲಿ, ಹೇಳಿದರೆ ಈ ತೋಳಿನ ಮುಂದೆ ತನಗೆ ಉಳಿಯುವುದೇನು? ಎಲಾ, ನಾನು ಇಂಥವನೇ ಎಂದುಕೊಂಡ. ಹಾಗೆಂದುಕೊಂಡಿದ್ದರಿಂದ ಏನೂ ಬದಲಾಗಲಿಲ್ಲ.

"ನೀರು ಭಾಳ ಕುಡೀಬ್ಯಾಡ," ಎಂದ. "ಮೂಗಿನ್ಯಾಗ ಉಸಿರಾಡು. ಬಾಯಿ ತೆರೀಬ್ಯಾಡ."

ಸಮ್ರಾಟ್ ಅದನ್ನು ದೊಡ್ಡ ಮಂತ್ರವೆಂಬಂತೆ ತಲೆಯಾಡಿಸುತ್ತ ಕೇಳಿಕೊಂಡ. "ನೀರು ಕುಡ್ಯಂಗಿಲ್ಲ, ಮೂಗಿನ್ಯಾಗ ಉಸಿರು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಕೈಯಲ್ಲಿದ್ದ ನೀರಿನ ಲೋಟವನ್ನು ಹಾಗೆಯೇ ಕೆಳಗಿಟ್ಟುಬಿಟ್ಟ. ಅದನ್ನು ನೋಡಿ ಶಾಕೀರನಿಗೆ ಅಳು ಬಂದಂತಾಯಿತು. ಚಹಾ ಬಿಸಿಯಿತ್ತು, ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ.

ಕೆಂಚಣ್ಣನ ಲಾರಿ ಯಾರ್ಡಿನ ಶೆಡ್ಡಿನಲ್ಲಿ ಬೋನು ಕಟ್ಟಿದ್ದರು. ಲಾರಿಗಳ ಬಾಡಿ ಕಟ್ಟುವ ವೆಲ್ಡಿಂಗಿನವರೇ ಮಾಡಿದ್ದು. ಕೆಂಪು ಪ್ರೈಮರ್ ಇನ್ನೂ ಪೂರ್ತಿ ಒಣಗಿರಲಿಲ್ಲ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಜನ ಜಾಲರಿಗೆ ಮುಖ ಒತ್ತಿಕೊಂಡು ನಿಂತಿದ್ದರು. ತೆಲುಗು, ಕನ್ನಡ, ಉರ್ದು ಎಲ್ಲದರಲ್ಲೂ ಕೂಗು. ಇರ್ಫಾನಾಳ ದೊಡ್ಡಣ್ಣ ಮುಂದಿನ ಸಾಲಿನಿಂದ ಕೈಬೀಸಿದ. ಶಾಕೀರ್ ಮತ್ತೆ ಮತ್ತೆ ಹಿಂದಿನ ಗೋಡೆಯ ಕಡೆ ಹೋಗಿ ನಿಂತು ಬರುತ್ತಿದ್ದ. ಮೂತ್ರ ಬರುವುದು ಒಂದೆರಡು ಹನಿ, ಆದರೂ ಇನ್ನೂ ಇದೆ ಎನ್ನಿಸುತ್ತಿತ್ತು. "ಏನಲೇ ಶಾಕೀರಾ, ಶುಗರ್ ಬಂತೇನು?" ಎಂದು ಕೆಂಚಣ್ಣ ಎಲ್ಲರೆದುರು ಕೂಗಿದ. ಎಲ್ಲರೂ ನಕ್ಕರು. ಇವನೂ ನಕ್ಕ. ಬೋನಿನ ಬಾಗಿಲು ಹಾಕಿ ಚಿಲಕ ಜಡಿದ ಸದ್ದಿಗೆ ಎರಡು ಚಡ್ಡಿಯೂ ಸಾಲದು ಎನ್ನಿಸಿತು.

ಎದುರಿಗೆ ಸಮ್ರಾಟ್ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ಮೂಗಿನಲ್ಲಿ ಉಸಿರಾಡುತ್ತಿದ್ದ.

ಮೊದಲು ಒಂದಿಷ್ಟು ಗುದ್ದು. ಸಮ್ರಾಟನಿಗೆ ಗುದ್ದಲು ಬರುತ್ತಿರಲಿಲ್ಲ, ಆದರೂ ಒಂದೇಟು ಶಾಕೀರನ ಕಿವಿಗೆ ಬಿದ್ದು ಶೆಡ್ಡಿನ ಗದ್ದಲವೆಲ್ಲ ದೂರ ಹೋಯಿತು. ಆಮೇಲೆ ಇಬ್ಬರೂ ತಮಗೆ ಗೊತ್ತಿದ್ದದ್ದಕ್ಕೆ ಇಳಿದರು, ತಬ್ಬಿ ಹಿಡಿದರು. ಅದೇ ಮಣ್ಣಿನ ವಾಸನೆ. ಕಣ್ಣು ಮುಚ್ಚಿದರೆ ಕುರುಗೋಡು. ಅಷ್ಟರಲ್ಲಿ ಸಮ್ರಾಟನ ಎಡತೋಳು ಜಾರಿ ಹೆಗಲಿನಿಂದ ಕೊರಳಿಗೆ ಬಂತು. ಒತ್ತಿರಲೂ ಇಲ್ಲ, ಸುಮ್ಮನೆ ತಾಗಿತ್ತು. ಶಾಕೀರನ ಕಣ್ಣ ಅಂಚಿನಿಂದ ಕತ್ತಲು ನುಗ್ಗತೊಡಗಿತು, ತೊಡೆಯ ಸಂದಿ ಬೆಚ್ಚಗಾಗುತ್ತಿದೆ ಎನ್ನಿಸಿತು, ಯಾ ಅಲ್ಲಾ, ಇಲ್ಲಿ ಬೇಡ, ಇವರೆಲ್ಲರ ಮುಂದೆ ಬೇಡ. ಆ ದಿಗಿಲಿಗೆ ಎಲ್ಲಿಲ್ಲದ ಬಲ ಬಂದು ಆ ದೊಡ್ಡ ಮೈಯನ್ನು ಹೆಗಲ ಮೇಲಿಂದ ಎತ್ತಿ ಒಗೆದ. ಬೆನ್ನು ನೆಲಕ್ಕೆ ಬಡಿಯಿತು.

ಸಮ್ರಾಟನ ಮೈಯೆಲ್ಲ ಸಡಿಲವಾಯಿತು. ಕಣ್ಣು ಮುಚ್ಚಿತ್ತು. ಬಲಗೈ ಮೇಲೆದ್ದಿತು.

ಬಿಡಿಸಿದ ಅಂಗೈ. ಉಗುರುಗಳಲ್ಲಿ ಇನ್ನೂ ಕುಣಿಯ ಮಣ್ಣು. ಆ ಕೈಯಲ್ಲಿ ಮೋಸವಿರಲಿಲ್ಲ, ಅದನ್ನು ಶಾಕೀರನಷ್ಟು ಚೆನ್ನಾಗಿ ಬಲ್ಲವರು ಆ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಬಿಟ್ಟು ದೂರ ಸರಿಯಬಹುದಿತ್ತು. ಎಬ್ಬಿಸಲೂ ಬಹುದಿತ್ತು, ಜನ ನಕ್ಕರೆ ನಗುತ್ತಿದ್ದರು. ಆದರೆ ಎದ್ದ ಮೇಲೆ ಆ ತೋಳು ಮತ್ತೆ ಕೊರಳಿಗೆ ಬರುತ್ತದೆ. ಶಾಕೀರ್ ಕೈ ಹಿಡಿದ. ಹಿಡಿದದ್ದು ತಿಳಿದು ಸಮ್ರಾಟ್ ಕಣ್ಣು ತೆರೆಯದೆಯೇ, ಎಂದಿನಂತೆ, ಏಳುವುದಕ್ಕೆ ಅನುಕೂಲವಾಗಲೆಂದು ಹೆಗಲನ್ನು ಸ್ವಲ್ಪ ಮೇಲೆತ್ತಿಕೊಟ್ಟ. ಶಾಕೀರ್ ಆ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಮಲಗಿದ.

ಸದ್ದು ಸಣ್ಣದು. ಅವನೊಬ್ಬನಿಗೇ ಕೇಳಿಸಿರಬೇಕು, ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಜನ ಕೂಗುತ್ತಿದ್ದರು. ಯಾರೋ ಅವನನ್ನು ಎಳೆದು ನಿಲ್ಲಿಸಿದರು, ಕೆಂಚಣ್ಣ ಒಳಗೆ ನುಗ್ಗಿ ಹೆಗಲ ಮೇಲೆ ಎತ್ತಿಕೊಂಡ. ಶಾಕೀರ್ ಮೇಲಿನಿಂದ ಮೊದಲು ನೋಡಿದ್ದು ತನ್ನ ಚಡ್ಡಿಯನ್ನು. ಒದ್ದೆಯಾಗಿರಲಿಲ್ಲ. ಸದ್ಯ ಬದುಕಿದೆ ಎಂದು ಅವನಿಗೆ ಎಷ್ಟು ಹಗುರವಾಯಿತೆಂದರೆ ನಗುವೇ ಬಂದುಬಿಟ್ಟಿತು. ಆ ನಗುಮುಖದಲ್ಲಿಯೇ ಕೆಳಗೆ ಕಣ್ಣು ಹೋಯಿತು. ಸಮ್ರಾಟ್ ಬಲದ ತೋಳನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮೊಣಕೈ ಇರಬಾರದ ಕಡೆ ತಿರುಗಿತ್ತು. ಅಳುತ್ತಿರಲಿಲ್ಲ, ಬೈಯಲಿಲ್ಲ. ಏನೋ ಲೆಕ್ಕ ತಪ್ಪಿದೆ, ಅದು ತನ್ನದೇ ತಪ್ಪಿರಬೇಕು ಎನ್ನುವವನ ಮುಖ.

"ಅಣ್ಣಾ," ಎಂದ, "ಎಬ್ಬಿಸಾಕತ್ತಿ ಅಂದ್ಕಂಡೆ."

ಊರಿಗೆ ಹಿಂದಿರುಗುವಾಗ ಶಾಕೀರ್ ಕುರುಗೋಡಿನ ದಾರಿ ಹಿಡಿಯಲಿಲ್ಲ. ಹಣೆಯ ಮಣ್ಣನ್ನು ಎಲ್ಲಿ ಒರೆಸಿಕೊಂಡನೋ ಅವನಿಗೆ ನೆನಪಿಲ್ಲ.

ಮರುದಿನ ಬೆಳಿಗ್ಗೆ ಓಣಿಯವರು ಬಂದು ಹೋದರು. ಸಮ್ರಾಟನಿಗೆ ಬಳ್ಳಾರಿಯಲ್ಲಿ ಆಪರೇಷನ್ ಆಗಿದೆಯಂತೆ, ಆ ಕೈಗೆ ಇನ್ನು ಸ್ಟೇರಿಂಗು ಹಿಡಿಯುವ ಕಸುವು ಬರಲಿಕ್ಕಿಲ್ಲವಂತೆ ಎಂದು ಯಾರೋ ಹೇಳಿದರು. ಹೇಳಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಕೈ ಒರೆಸಿಕೊಂಡರು. ಇರ್ಫಾನಾ ಎಲ್ಲರಿಗೂ ಚಹಾ ಕೊಟ್ಟಳು. ಅವರೆಲ್ಲ ಹೋದ ಮೇಲೆ ಶಾಕೀರ್ ಅಂಗಳಕ್ಕೆ ಬಂದು ನಿಂತಾಗ ಅಂಗಿಯ ಕೊರಳಗುಂಡಿ ಹಾಕಿಕೊಂಡಿರುವುದು ಅವನಿಗೇ ಗಮನಕ್ಕೆ ಬಂತು. ಯಾವಾಗ ಹಾಕಿಕೊಂಡೆ? ಬೆರಳಿಟ್ಟು ನೋಡಿಕೊಂಡ. ಕೊರಳು ಸುಮ್ಮನಿತ್ತು.

"ಅಬ್ಬಾ, ಬೀಳಲಾ?" ಎಂದಳು ಗುಲ್ನಾಜ್ ಬಾಗಿಲಿನಿಂದ.

"ಬೀಳವ್ವಾ," ಎಂದ.

ಮಗು ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಓಡಿಬಂದು ಬಗ್ಗಿದ ಅವನ ಕೊರಳಿಗೆ ಎರಡೂ ತೋಳು ಹಾಕಿ ಜೋತುಬಿದ್ದಳು. ಏನೂ ಆಗಲಿಲ್ಲ. ಕತ್ತಲು ಬರಲಿಲ್ಲ. ಹೊಲಿಗೆ ಹಾಕಿದ ಅವಳ ಗದ್ದ ಅವನ ಕೆನ್ನೆಗೆ ಒತ್ತಿಕೊಂಡಿತ್ತು, ಕಿವಿಯಲ್ಲಿ ಅವಳ ಬಿಸಿ ಉಸಿರು. ಇರ್ಫಾನಾ ಒಳಗಿನಿಂದ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಲ್ನಾಜ್ ನಕ್ಕು ನಕ್ಕು ಸುಸ್ತಾಗಿ, ಹಿಡಿತ ಜಾರಿ, ಅಂಗಳದ ಮಣ್ಣಿನಲ್ಲಿ ಬೆನ್ನ ಮೇಲೆ ಬಿದ್ದಳು. ಪೆಟ್ಟೇನೂ ಆಗಲಿಲ್ಲ. ಬಿದ್ದಲ್ಲಿಂದಲೇ, ಬಿಸಿಲಿಗೆ ಕಣ್ಣು ಮುಚ್ಚಿಕೊಂಡು, ಬಲಗೈ ಮೇಲೆತ್ತಿದಳು.

"ಎಬ್ಬಿಸಬ್ಬಾ."

ಶಾಕೀರನ ಕೈ ಮುಂದಕ್ಕೆ ಹೊರಟಿತು. ಹೊರಟದ್ದನ್ನು ಕಂಡು ಅವನಿಗೆ ಜೀವ ಹೋದಂತಾಯಿತು. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಆನಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡ.

"ನೀನ ಏಳವ್ವಾ," ಎಂದ.

ಮಗು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ಮಲಗಿತ್ತು. "ಎಬ್ಬಿಸೂ," ಎಂದಿತು.